ಹತ್ತು ಜನ ಎಲ್ಲಿದ್ದಾರೆ?

ಸಂಪಾದಕರಿಗೆ ನಮಸ್ಕಾರ.

ಹೋದ ಶನಿವಾರದ ಪುರವಣಿಯಲ್ಲಿ ಬದುಕಿನ ಅರ್ಥದ ಬಗ್ಗೆ ಒಂದು ಲೇಖನ ಬಂದಿತ್ತು. ಭಾಷೆ ಚೆನ್ನಾಗಿತ್ತು, ಓದಿ ಸಿಟ್ಟೂ ಬಂತು. ಈ ಪತ್ರ ಉದ್ದ ಆಯಿತು ಅನ್ನಿಸಿದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ. ವಿಕ್ಟರ್ ಫ್ರಾಂಕಲ್ ವಿಷಯ ಮಾತ್ರ ದಯವಿಟ್ಟು ಉಳಿಸಿ. ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದ್ದೀರಿ.

ಲೇಖಕರು ಬರೆದದ್ದು ಇಷ್ಟು. ಅರ್ಥ ಹೊರಗೆಲ್ಲೂ ಇಲ್ಲ, ನಿಮ್ಮೊಳಗೇ ಇದೆ, ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರೆ ಸಿಗುತ್ತದೆ, ನಾಜಿ ಶಿಬಿರದಿಂದ ಬದುಕಿ ಬಂದ ಫ್ರಾಂಕಲ್ ಕೂಡ ಇದನ್ನೇ ಹೇಳಿದ್ದಾರೆ. ಇಲ್ಲ ಸ್ವಾಮಿ. ಅವರು ಹೇಳಿದ್ದು ಪೂರ್ತಿ ಉಲ್ಟಾ. ಅರ್ಥವನ್ನು ಸ್ವಂತ ಮನಸ್ಸಿನ ಒಳಗೆ ಹುಡುಕಿದರೆ ಸಿಗುವುದಿಲ್ಲ, ಅದು ಹೊರಗೆ ಜಗತ್ತಿನಲ್ಲಿದೆ, ಮಾಡಬೇಕಾದ ಒಂದು ಕೆಲಸದಲ್ಲಿ, ಪ್ರೀತಿಸುವ ಒಬ್ಬ ಮನುಷ್ಯನಲ್ಲಿ, ತಪ್ಪಿಸಿಕೊಳ್ಳಲಾಗದ ಸಂಕಟ ಬಂದಾಗ ಅದಕ್ಕೆ ನಾವು ನಿಲ್ಲುವ ರೀತಿಯಲ್ಲಿದೆ ಅಂತ ಅವರು ಜೀವನಪೂರ್ತಿ ಹೇಳಿದರು. ಬದುಕಿನಿಂದ ನನಗೇನು ಸಿಗುತ್ತದೆ ಅಂತ ಕೇಳುವುದು ಬಿಡಿ, ಬದುಕು ನಿಮ್ಮನ್ನು ಏನು ಕೇಳುತ್ತಿದೆ ನೋಡಿ ಅನ್ನುವುದು ಅವರ ವಾದ.

ಅವರು ಬದುಕಿದ ರೀತಿ ನೋಡಿದರೂ ಗೊತ್ತಾಗುತ್ತದೆ. 1905ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ಮನೋವೈದ್ಯ. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಇವರಿಗೆ ಅಮೆರಿಕದ ವೀಸಾ ಸಿಕ್ಕಿತು. ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಹೊರಡಬೇಕಾ ಬೇಡವಾ ಅಂತ ಒದ್ದಾಡುತ್ತಿದ್ದಾಗ ಮನೆಯಲ್ಲಿ ಒಂದು ಅಮೃತಶಿಲೆಯ ಚೂರು ಕಣ್ಣಿಗೆ ಬಿತ್ತು. ನಾಜಿಗಳು ನಾಶ ಮಾಡಿದ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಅದರ ಅವಶೇಷದಿಂದ ಅಪ್ಪ ಆರಿಸಿ ತಂದಿದ್ದು. ದೇವರು ಕೊಟ್ಟದ್ದು ಅಂತ ಯಹೂದಿಗಳು ನಂಬುವ ಹತ್ತು ಆಜ್ಞೆಗಳಲ್ಲಿ ಒಂದರ ಅಕ್ಷರ ಅದರ ಮೇಲಿತ್ತು. ಯಾವ ಆಜ್ಞೆ ಅಂತ ಕೇಳಿದರೆ, ತಂದೆ ತಾಯಿಯನ್ನು ಗೌರವಿಸು ಅನ್ನುವುದು. ಫ್ರಾಂಕಲ್ ಹೊರಡಲಿಲ್ಲ. 1942ರಲ್ಲಿ ಮನೆಮಂದಿಯ ಜೊತೆ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಹೋದರು, 1944ರಲ್ಲಿ ಆಶ್‌ವಿಟ್ಜ್. ಅಪ್ಪ, ಅಮ್ಮ, ಒಡಹುಟ್ಟಿದವನು, ಹೆಂಡತಿ, ಯಾರೂ ಉಳಿಯಲಿಲ್ಲ.

ಶಿಬಿರದಲ್ಲಿ ಇಬ್ಬರು ಸಾಯಲು ತಯಾರಾಗಿದ್ದರಂತೆ. ಬದುಕಿನಿಂದ ಇನ್ನೇನೂ ಬರುವುದಿಲ್ಲ ಅನ್ನುವುದು ಇಬ್ಬರದ್ದೂ ಮಾತು. ಒಬ್ಬನಿಗೆ ಬೇರೆ ದೇಶದಲ್ಲಿ ಮಗು ಕಾಯುತ್ತಿತ್ತು. ಇನ್ನೊಬ್ಬ ವಿಜ್ಞಾನಿ, ಅರ್ಧಕ್ಕೆ ನಿಂತ ಪುಸ್ತಕಗಳಿದ್ದವು, ಅದನ್ನು ಬೇರೆ ಯಾರೂ ಮುಗಿಸುವ ಹಾಗಿರಲಿಲ್ಲ. ಇವರನ್ನು ಹಿಡಿದು ನಿಲ್ಲಿಸಿದ್ದು ಅದು. ಇದರಲ್ಲಿ ಒಳಗೆ ಇಳಿಯುವುದು ಎಲ್ಲಿದೆ? ಧ್ಯಾನ ತಪ್ಪು ಅಂತ ಹೇಳುತ್ತಿಲ್ಲ. ನನ್ನ ನಾದಿನಿ ದಿನಾ ಮಾಡುತ್ತಾಳೆ, ಬಿಪಿ ಕಡಿಮೆ ಆಗಿದೆ, ಒಳ್ಳೆಯದೇ. ಬಿಪಿ ಕಡಿಮೆ ಆಗುವುದು ಬೇರೆ, ಬದುಕಿಗೆ ಅರ್ಥ ಸಿಗುವುದು ಬೇರೆ, ಅಲ್ವಾ?

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಿ ಆದವಳು. ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಹಿಟ್ಲರನ ಪಾಠ ಮಾಡುವಾಗ ಅರವತ್ತು ಲಕ್ಷ ಯಹೂದಿಗಳನ್ನು ಕೊಂದರು ಅಂತ ಹೇಳುತ್ತಿದ್ದೆ, ಆ ಜನ ಹೇಗೆ ಬದುಕುತ್ತಿದ್ದರು, ಏನು ನಂಬುತ್ತಿದ್ದರು ಅಂತ ಮಕ್ಕಳು ಕೇಳಿದರೆ ಹೇಳಲು ಏನೂ ಇರಲಿಲ್ಲ. ಅಲ್ಲಿಂದ ಓದುತ್ತಾ ಬಂದೆ. ಈಗ ಯಹೂದಿ ಅಂದ ಕೂಡಲೇ ಇಸ್ರೇಲ್, ಗಾಜಾ, ಯುದ್ಧ ಅಂತ ಎರಡು ಗುಂಪು ಹೊಡೆದಾಡಲು ನಿಲ್ಲುತ್ತವೆ. ಅದು ದೊಡ್ಡ ವಿಷಯ, ಬೇರೆ ಪತ್ರವೇ ಬೇಕು. ನಾನಿಲ್ಲಿ ಒಂದು ಸರ್ಕಾರದ ಬಗ್ಗೆ ಮಾತಾಡುತ್ತಿಲ್ಲ.

ಯಹೂದಿಗಳು ನಮಗೆ ದೂರದವರೂ ಅಲ್ಲ. ಘಟ್ಟ ಇಳಿದರೆ ಮಂಗಳೂರು, ಅಲ್ಲಿ 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಇದ್ದ. ಮೆಣಸು, ಏಲಕ್ಕಿ, ಅಡಿಕೆ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋದ ಒಂದು ಹಳೆಯ ಸಿನಗಾಗ್‌ನಲ್ಲಿ ಸಿಕ್ಕವು. ದೇವರ ಹೆಸರು ಬರೆದ ಕಾಗದವನ್ನು ಅವರು ಬಿಸಾಡುವುದಿಲ್ಲ, ಒಂದು ಕೋಣೆಯಲ್ಲಿ ಹಾಕಿಡುತ್ತಾರೆ, ಅದರ ಜೊತೆ ವ್ಯಾಪಾರದ ಲೆಕ್ಕವೂ ಉಳಿದುಕೊಂಡಿತು.

ನನ್ನನ್ನು ಹಿಡಿದಿಟ್ಟಿದ್ದು ಅವರ ಸಾವಿನ ಪ್ರಾರ್ಥನೆ. ಅಪ್ಪನೋ ಅಮ್ಮನೋ ಸತ್ತರೆ ಮಗ ಹನ್ನೊಂದು ತಿಂಗಳು ಕದ್ದಿಶ್ ಅನ್ನುವ ಪ್ರಾರ್ಥನೆ ಹೇಳಬೇಕು. ಅದರಲ್ಲಿ ಸಾವಿನ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ, ಬರೀ ದೇವರ ಹೊಗಳಿಕೆ. ಆದರೆ ಒಂದು ಷರತ್ತು ಇದೆ. ಒಬ್ಬನೇ ಹೇಳುವ ಹಾಗಿಲ್ಲ. ಹತ್ತು ಜನ ಸೇರಿರಬೇಕು. ಒಂಬತ್ತು ಜನ ಮಹಾಜ್ಞಾನಿಗಳೇ ಇದ್ದರೂ ಆಗುವುದಿಲ್ಲ, ಹತ್ತನೆಯವನು ಏನೂ ಓದದ ಗಾಡಿ ಹೊಡೆಯುವವನಾದರೂ ನಡೆಯುತ್ತದೆ. ದುಃಖ ಆದವನು ಮನೆಯ ಮೂಲೆಯಲ್ಲಿ ಮುದುಡಿ ಕೂರಲು ಆಗದ ಹಾಗೆ ಈ ನಿಯಮ ಅವನನ್ನು ಎಬ್ಬಿಸಿ ಬೀದಿಗೆ ತರುತ್ತದೆ. ಉಳಿದ ಒಂಬತ್ತು ಜನಕ್ಕೂ ಕೆಲಸ ಇದೆ. ಅವರು ಬರದಿದ್ದರೆ ಅವನ ಅಪ್ಪನ ಹೆಸರಲ್ಲಿ ಪ್ರಾರ್ಥನೆಯೇ ಇಲ್ಲ. ಇಂಥದ್ದನ್ನು ನೋಡುತ್ತಾ ಬೆಳೆದ ಜನ ಬದುಕಿನ ಅರ್ಥ ಎಲ್ಲಿದೆ ಅಂದರೆ ಒಳಗೆ ಕೈ ತೋರಿಸುತ್ತಾರಾ?

ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕೊಚ್ಚಿಗೆ ಕರೆದುಕೊಂಡು ಹೋದಾಗ ಮಟ್ಟಂಚೇರಿಯ ಪರದೇಶಿ ಸಿನಗಾಗ್ ನೋಡಿದ್ದೆ. 1568ರಲ್ಲಿ ಕಟ್ಟಿದ್ದು. ನೆಲಕ್ಕೆ ಚೀನಾದಿಂದ ಬಂದ ನೀಲಿ ಬಿಳಿ ಬಿಲ್ಲೆಗಳು, ಮೇಲೆ ಸಾಲು ಸಾಲು ಗಾಜಿನ ದೀಪ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಅಲ್ಲಿಯ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಿಂದ ಇಸ್ರೇಲಿಗೆ ಹೊರಟುಹೋದರು. ಉಳಿದವರು ಬೆರಳೆಣಿಕೆ. ಪ್ರಾರ್ಥನೆಗೆ ಹತ್ತು ಜನ ಊರಲ್ಲಿ ಇಲ್ಲ, ನೋಡಲು ಬಂದ ಪ್ರವಾಸಿಗಳಲ್ಲಿ ಯಹೂದಿಗಳಿದ್ದರೆ ಅವರನ್ನು ಸೇರಿಸಿಕೊಂಡು ಲೆಕ್ಕ ತುಂಬಿಸಬೇಕು. ಕಟ್ಟಡ ಗಟ್ಟಿಯಾಗಿದೆ, ದೀಪ ಇದೆ, ಗ್ರಂಥದ ಸುರುಳಿಗಳಿವೆ. ಜನ ಇಲ್ಲ.

ಇದನ್ನು ಓದುತ್ತಿರುವ ಮಲೆನಾಡಿನವರಿಗೆ ಮುಂದಿನದ್ದನ್ನು ನಾನು ಹೇಳಬೇಕಾಗಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ, ಎಲ್ಲಿ ಬೇಕಾದರೂ ಹೋಗಿ. ಮುಂಡಿಗೆ ಕಂಬದ ದೊಡ್ಡ ಮನೆ, ಅಂಗಳ ತುಂಬ ಅಡಿಕೆ ಒಣಗಿಸುವ ಜಾಗ, ಒಳಗೆ ಇಬ್ಬರು ಮುದುಕರು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಇನ್ನೂ ದೂರ. ತೋಟ ಚೇಣಿಗೆ ಕೊಟ್ಟಾಗಿದೆ. ನಮ್ಮಲ್ಲಿ ಮೊದಲಿಂದಲೂ ಮನೆಗಳು ಒಂಟಿ, ಗುಡ್ಡಕ್ಕೊಂದು. ಆದರೂ ಜನ ಸೇರುತ್ತಿದ್ದರು, ಸೇರದೇ ವಿಧಿ ಇರಲಿಲ್ಲ. ನಾಟಿಗೆ ಮುಯ್ಯಾಳು ಬೇಕು, ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತರೆ ಊರಿನ ಸುದ್ದಿ, ಜಗಳ, ಹಾಡು, ಮದುವೆ ಮಾತುಕತೆ ಎಲ್ಲಾ ಅಲ್ಲೇ. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರ ಬೇಡ ಅನ್ನಲು ನನಗೇನು ತಲೆ ಕೆಟ್ಟಿದೆಯಾ, ಬೆರಳು ಕಪ್ಪಾಗಿ ಸೊಂಟ ಹಿಡಿದುಹೋದವರಿಗೆ ಅದರ ಬೆಲೆ ಗೊತ್ತು. ಆದರೆ ಯಂತ್ರ ಬಂದ ಮೇಲೆ ಪಕ್ಕದ ಮನೆಗೆ ಹೋಗಲು ಒಂದು ಕಾರಣ ಕಡಿಮೆ ಆಯಿತು. ಹಾಗೆ ಒಂದೊಂದೇ ಕಾರಣ ಹೋಗಿ ಈಗ ಹೆಣ ಎತ್ತಲು ನಾಲ್ಕು ಜನಕ್ಕೆ ಫೋನ್ ಮಾಡಿ ಕರೆಯಬೇಕು.

ನನ್ನ ಅಪ್ಪ ಹೋದದ್ದು ಜೋರು ಮಳೆಗಾಲದಲ್ಲಿ. ಅಣ್ಣ ವಿದೇಶದಲ್ಲಿದ್ದ, ಬರುವ ಹೊತ್ತಿಗೆ ತಡವಾಗುತ್ತಿತ್ತು. ನಾನೇ ಬೆಂಕಿ ಇಟ್ಟೆ. ಮಗಳು ಇಡಬಾರದು ಅಂತ ಹೇಳಲು ಜನ ಇದ್ದರು. ಹೀಗೆ ಹೇಳಿದವರು ಹೆಗಲು ಕೊಡಲು ಬರಲಿಲ್ಲ, ಅದು ಇನ್ನೂ ನೆನಪಿದೆ. ಹೆಗಲು ಕೊಟ್ಟವರು ನಮ್ಮ ಜಾತಿಯವರಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದವರು, ಅಡಿಕೆ ಕೊನೆ ಇಳಿಸುವ ಕೊನೆಗಾರ, ಮತ್ತೆ ಹಾಲಿನ ಸೊಸೈಟಿಯ ಹುಡುಗ.

ಹಾಗಾಗಿ ಹತ್ತು ಜನದ ನಿಯಮವನ್ನು ಹೊಗಳುವಾಗ ನನಗೆ ಒಂದು ತಕರಾರು ಇದೆ. ಆ ಹತ್ತು ಅಂದರೆ ಹದಿಮೂರು ವರ್ಷ ದಾಟಿದ ಹತ್ತು ಗಂಡಸರು. ಹೆಂಗಸರು ಲೆಕ್ಕಕ್ಕಿಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಗಡದವರು 1973ರಲ್ಲಿ ಹೆಂಗಸರನ್ನೂ ಎಣಿಸಬಹುದು ಅಂದರು, ಸಾಂಪ್ರದಾಯಿಕರು ಇವತ್ತಿಗೂ ಒಪ್ಪಿಲ್ಲ. ಆದರೆ ಅದಕ್ಕೂ ಎಷ್ಟೋ ಮೊದಲೇ ಹೆನ್ರಿಯೆಟ್ಟಾ ಜೋಲ್ಡ್ ಅನ್ನುವ ಗಟ್ಟಿಗಿತ್ತಿ ಇದ್ದರು. 1916ರಲ್ಲಿ ಅವರ ಅಮ್ಮ ತೀರಿಕೊಂಡಾಗ ಮನೆಗೆ ಆಪ್ತರಾದ ಒಬ್ಬರು, ನಿಮ್ಮ ಪರವಾಗಿ ನಾನು ಕದ್ದಿಶ್ ಹೇಳುತ್ತೇನೆ ಅಂದರು. ಗಂಡುಮಕ್ಕಳಿಲ್ಲದ ಮನೆ, ಹುಟ್ಟಿದ ಎಂಟೂ ಹೆಣ್ಣು. ಜೋಲ್ಡ್ ಬಹಳ ವಿನಯದಿಂದ ಉತ್ತರ ಬರೆದರು. ನಿಮ್ಮ ಪ್ರೀತಿ ದೊಡ್ಡದು, ಆದರೆ ಇದು ನನ್ನ ಕೆಲಸ, ನಾನೇ ಮಾಡುತ್ತೇನೆ, ಮಗ ಇಲ್ಲ ಅಂತ ನನ್ನ ಅಪ್ಪ ಅಮ್ಮ ಒಂದು ದಿನವೂ ಕೊರಗಿದವರಲ್ಲ ಅನ್ನುವ ಅರ್ಥದಲ್ಲಿ. ಧರ್ಮವನ್ನು ಬಿಟ್ಟು ಹೋಗದೇ ಧರ್ಮದ ಒಳಗೇ ನಿಂತು ಜಾಗ ಕೇಳುವುದು ಅಂದರೆ ಹೀಗೆ. ಅವರ ಆ ಕಾಗದ ಓದಿದ ದಿನ ನಾನು ಇನ್ನೇನೂ ಓದಲಿಲ್ಲ.

ಸಾವಿನ ಮನೆಯಲ್ಲಿ ಅವರು ಏಳು ದಿನ ಕೂರುತ್ತಾರೆ. ದುಃಖದಲ್ಲಿರುವವರು ತಗ್ಗಿನ ಮಣೆಯ ಮೇಲೆ, ಮನೆಯ ಕನ್ನಡಿಗೆಲ್ಲ ಬಟ್ಟೆ ಮುಚ್ಚಿ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರು ತರಬೇಕು. ಹೋದವರು ತಾವಾಗಿ ಮಾತು ಶುರು ಮಾಡುವ ಹಾಗಿಲ್ಲ, ಮನೆಯವರು ಮಾತಾಡಿದರೆ ಮಾತ್ರ. ಬೈಬಲ್ಲಿನ ಯೋಬನ ಕತೆಯಲ್ಲಿ ಅವನು ಮಕ್ಕಳನ್ನೆಲ್ಲ ಕಳೆದುಕೊಂಡಾಗ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟು, ನೀನು ಏನೋ ಪಾಪ ಮಾಡಿರಬೇಕು ಅಂತ ಶುರು ಮಾಡಿದ ಮೇಲೆ ಎಲ್ಲಾ ಕೆಟ್ಟಿತು. ನಮ್ಮಲ್ಲಿ ಸೂತಕದ ಮನೆಗೆ ಬಂದು, ಪೂರ್ವಜನ್ಮದ ಕರ್ಮ ಅಂತ ವಿವರಿಸುವವರು ಈ ಕತೆ ಓದಬೇಕು. ಇನ್ನು ವಾಟ್ಸಾಪಿನಲ್ಲಿ ಓಂ ಶಾಂತಿ ಅಂತ ಕೈಮುಗಿದ ಚಿತ್ರ ಹಾಕಿ ಮುಗಿಸುವವರ ಬಗ್ಗೆ ಏನು ಹೇಳಲಿ. ಅಪ್ಪ ಹೋದಾಗ ನನ್ನ ಫೋನಿನ ತುಂಬ ಕೈಮುಗಿದ ಕೈಗಳು, ಜಗಲಿಯಲ್ಲಿ ಮೂರು ಮತ್ತೊಂದು ಜನ.

ಅವರ ಶನಿವಾರದ ವಿಶ್ರಾಂತಿ ಎಲ್ಲರಿಗೂ ಗೊತ್ತಿರುವುದೇ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಕೆಲಸ ಇಲ್ಲ. 39 ಬಗೆಯ ಕೆಲಸಗಳ ಪಟ್ಟಿಯೇ ಇದೆ. ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ಗಾಣದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರಿನವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ಈಗ ಇದನ್ನು ಒತ್ತಡ ಕಡಿಮೆ ಮಾಡುವ ಉಪಾಯ, ಫೋನ್ ಉಪವಾಸ ಅಂತ ಮಾರುವವರಿದ್ದಾರೆ. ನನಗೆ ಕುತೂಹಲ ಬೇರೆ ಕಡೆ. ಸಾಂಪ್ರದಾಯಿಕರು ಆ ದಿನ ಕಾರು ಹತ್ತುವುದಿಲ್ಲ. ಹಾಗಾಗಿ ಸಿನಗಾಗ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಮನೆ ಮಾಡಬೇಕು. ನ್ಯೂಯಾರ್ಕಿನಂಥ ಊರಿನಲ್ಲೂ ಅವರ ಕೇರಿ ಚದುರದೇ ಉಳಿದಿದ್ದಕ್ಕೆ ಇದೂ ಒಂದು ಕಾರಣ. ಆ ದಿನದ ವಿಶ್ರಾಂತಿ ಎತ್ತು ಕತ್ತೆಗಳಿಗೂ, ಆಳಿಗೂ, ಮನೆಯಲ್ಲಿರುವ ಪರದೇಶಿಗೂ ಉಂಟು ಅಂತ ಅವರ ಗ್ರಂಥ ಹೇಳುತ್ತದೆ. ನಮ್ಮಲ್ಲೂ ಸೋಮವಾರ ಬಸವನ ವಾರ, ಎತ್ತಿಗೆ ನೊಗ ಹೂಡಬಾರದು ಅಂತ ಇತ್ತು. ಈಗ ಟಿಲ್ಲರ್‌ಗೆ ಯಾವ ವಾರ?

ನಂಬಿಕೆ ಅಂದರೆ ಪ್ರಶ್ನೆ ಕೇಳದೇ ತಲೆ ಬಾಗುವುದು ಅಂತಲೂ ಆ ಲೇಖನದಲ್ಲಿ ಇತ್ತು. ಯಹೂದಿಗಳ ಮೂಲಪುರುಷ ಅಬ್ರಹಾಂ ಬಾಗಲಿಲ್ಲ. ಸೊದೋಮ್ ಊರನ್ನು ನಾಶ ಮಾಡುತ್ತೇನೆ ಅಂದ ದೇವರ ಎದುರು ನಿಂತು ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ ಮಾಡಿದ. ಐವತ್ತು ಜನ ಒಳ್ಳೆಯವರಿದ್ದರೆ ಬಿಡುತ್ತೀಯಾ? ನಲವತ್ತೈದು? ನಲವತ್ತು? ಮೂವತ್ತು, ಇಪ್ಪತ್ತು ಅಂತ ಇಳಿಸುತ್ತಾ ಹತ್ತಕ್ಕೆ ಬಂದು ನಿಂತ. ದೇವರೂ ಸಿಟ್ಟಾಗದೇ ಪ್ರತಿ ಸಲ ಒಪ್ಪಿದ. ನಮ್ಮ ದಾಸರೂ ದೇವರನ್ನು ಬೈದವರೇ, ನಿಂದಾಸ್ತುತಿ ಅಂತ ಅದಕ್ಕೆ ಗೌರವದ ಜಾಗವೂ ಇದೆ, ನಮಗೆ ಅದು ಮರೆತಿದೆ ಅಷ್ಟೇ. ಆಶ್‌ವಿಟ್ಜ್‌ನಲ್ಲಿ ಹುಡುಗನಾಗಿದ್ದ, ಮುಂದೆ 1986ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಲೀ ವೀಸೆಲ್ ಒಂದು ಘಟನೆ ಹೇಳುತ್ತಿದ್ದರು. ಶಿಬಿರದಲ್ಲಿ ಕೆಲವು ಪಂಡಿತರು ಸೇರಿ ದೇವರ ಮೇಲೆ ವಿಚಾರಣೆ ನಡೆಸಿದರು, ವಾದ ಆಯಿತು, ತೀರ್ಪು ದೇವರ ವಿರುದ್ಧ ಬಂತು. ಆಮೇಲೆ ಹೊತ್ತಾಯಿತು ಅಂತ ಎದ್ದು ಸಂಜೆಯ ಪ್ರಾರ್ಥನೆ ಮಾಡಿದರು.

ಯುದ್ಧ ಮುಗಿದ ಮೇಲೂ ಎಲ್ಲರೂ ಒಂದೇ ಮಾತು ಆಡಲಿಲ್ಲ. ಇತಿಹಾಸವನ್ನು ನಡೆಸುವ ದೇವರನ್ನು ಇನ್ನು ನಂಬಲಾರೆ ಅಂತ ರಿಚರ್ಡ್ ರೂಬೆನ್‌ಸ್ಟೈನ್ ಬರೆದರು, ಅವರೂ ಧರ್ಮಗುರುವೇ. ಎಮಿಲ್ ಫಾಕೆನ್‌ಹೈಮ್ ಅನ್ನುವ ತತ್ವಜ್ಞಾನಿ, ನಮ್ಮ ಗ್ರಂಥದಲ್ಲಿ ಒಟ್ಟು 613 ಆಜ್ಞೆಗಳಿವೆ, ಇನ್ನೊಂದನ್ನು ಸೇರಿಸಿಕೊಳ್ಳಿ, ಸತ್ತ ಹಿಟ್ಲರನಿಗೆ ಗೆಲುವು ಕೊಡಬೇಡಿ, ಹಾಗಾಗಿ ನಿರಾಶರಾಗಬೇಡಿ ಅಂದರು. ಅಬ್ರಹಾಂ ಹೆಶೆಲ್ ಅನ್ನುವ ಧರ್ಮಗುರು ಪೋಲೆಂಡಿನಲ್ಲಿ ಅಮ್ಮ, ಅಕ್ಕತಂಗಿಯರನ್ನು ಕಳೆದುಕೊಂಡವರು. 1965ರಲ್ಲಿ ಅಮೆರಿಕದ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಕರಿಯರ ಮತದಾನದ ಹಕ್ಕಿಗಾಗಿ ನಡೆದರು. ನನ್ನ ಕಾಲುಗಳು ಪ್ರಾರ್ಥನೆ ಮಾಡುತ್ತಿದ್ದವು ಅನ್ನಿಸಿತು ಅಂತ ಆಮೇಲೆ ಹೇಳಿದರು. ಮೂವರೂ ಬೇರೆ ಬೇರೆ ದಾರಿ, ಯಾರೂ ಕಣ್ಣು ಮುಚ್ಚಿ ಕೂರಲಿಲ್ಲ.

ಜನ ಸೇರಿದರೆ ಎಲ್ಲಾ ಸರಿ ಹೋಗುತ್ತದೆ ಅಂತ ನಾನು ನಂಬಿಲ್ಲ. ಹತ್ತು ಜನ ಬೇಕು ಅನ್ನುವ ಸಮಾಜವೇ ಹನ್ನೊಂದನೆಯವನನ್ನು ಹೊರಗೆ ಹಾಕಬಲ್ಲದು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿಗಳು ಸ್ಪಿನೋಜಾ ಅನ್ನುವ ತತ್ವಜ್ಞಾನಿಗೆ ಬಹಿಷ್ಕಾರ ಹಾಕಿದರು. ಆಗ ಅವನಿಗೆ 23 ವರ್ಷ. ಅವನ ಜೊತೆ ಯಾರೂ ಮಾತಾಡಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದದ್ದನ್ನು ಓದಬಾರದು. ಊರಿನ ಬಹಿಷ್ಕಾರ ಅಂದರೆ ಏನು ಅಂತ ನಮಗೂ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿಗೆ ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಕೆಲಸಕ್ಕೆ ಹೋದವರಲ್ಲ, ಊರಿನ ಕಣ್ಣಿನಿಂದ ತಪ್ಪಿಸಿಕೊಂಡು ಹೋದವರು. ಅವರನ್ನು ವಾಪಸ್ ಬನ್ನಿ ಅಂತ ಕರೆಯುವ ಮುಖ ನಮಗಿಲ್ಲ.

ನನ್ನ ಕೋರಿಕೆ ಎರಡು. ಫ್ರಾಂಕಲ್ ಬಗ್ಗೆ ಬಂದ ತಪ್ಪನ್ನು ಮುಂದಿನ ಶನಿವಾರ ತಿದ್ದಿ ಹಾಕಿ, ಮೂಲೆಯಲ್ಲಾದರೂ ಪರವಾಗಿಲ್ಲ. ಆಮೇಲೆ ಆ ಪುಟದಲ್ಲಿ ಒಳಗಿನ ಶಾಂತಿಯ ಬಗ್ಗೆ ಬರೆಯುವವರಿಗೆ ಒಂದು ವಾರ ರಜಾ ಕೊಟ್ಟು, ಬೇರೆ ಬೇರೆ ಧರ್ಮದವರು ಸಾವಿನ ಮನೆಗೆ ಹೋದಾಗ ಏನು ಮಾಡುತ್ತಾರೆ, ಏನು ತೆಗೆದುಕೊಂಡು ಹೋಗುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಅಂತ ಬರೆಸಿ. ಕ್ರೈಸ್ತರು, ಮುಸ್ಲಿಮರು, ಜೈನರು, ಎಲ್ಲರೂ ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕೇಳಿದರೆ ಹೇಳುತ್ತಾರೆ.

ನಮ್ಮ ಸುತ್ತಿನ ಹತ್ತು ಮನೆಯವರು ಸೇರಿ ಒಂದು ಮಾತು ಮಾಡಿಕೊಂಡಿದ್ದೇವೆ. ಯಾರ ಮನೆಯಲ್ಲಿ ಸಾವಾದರೂ ಮನೆಗೊಬ್ಬರು ಹೋಗಬೇಕು. ಗಂಡಸು ಹೆಂಗಸು ಅಂತ ಇಲ್ಲ, ಜಾತಿ ಅಂತ ಇಲ್ಲ. ಮಳೆ ಇದ್ದರೂ ಹೋಗಬೇಕು, ಕೈಮುಗಿದ ಚಿತ್ರ ಹಾಕಿದರೆ ಲೆಕ್ಕಕ್ಕಿಲ್ಲ. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಮೊದಲ ದಿನದ ಊಟ ಯಾರ ಮನೆಯಿಂದ ಬರಬೇಕು ಅಂತ ಕೇಳಿದಾಗ ಮಾತು ನಿಂತಿತು. ಯಾರ ಮನೆಯ ಅಡುಗೆಯನ್ನು ಯಾರು ಉಣ್ಣುತ್ತಾರೆ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಭಾನುವಾರ ನಮ್ಮ ಜಗಲಿಯಲ್ಲಿ ಮತ್ತೆ ಸೇರುತ್ತೇವೆ, ಜಗಳ ಆಗುತ್ತದೆ ಅಂತ ಗೊತ್ತು.

ಇಂತಿ,
ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು